ಟವೆಲಿನ ಕೆಳಗಿನ ದರ

ಅಣ್ಣನ ಆಲ್ಬಮ್ಮುಗಳನ್ನು ಟ್ರಂಕಿನಿಂದ ಎತ್ತಿ ಹೊರಗಿಟ್ಟಾಗ ಮೊದಲು ನಾನು ಸೀನಿದೆ, ಆಮೇಲೆ ಅಣ್ಣನ ಮಗಳು ಸೀನಿದಳು. ಅತ್ತಿಗೆ ಸೀನಲಿಲ್ಲ. ಬ್ಯಾಡಗಿಯಲ್ಲೇ ಹುಟ್ಟಿ ಬ್ಯಾಡಗಿಯಲ್ಲೇ ಮದುವೆಯಾದವರು ಅವರು. ನಾನೂ ಅಲ್ಲಿ ಹುಟ್ಟಿದವಳೇ. ಆದರೆ ರಾಣೆಬೆನ್ನೂರಿನ ಅಂಚೆ ಕಚೇರಿಯ ಕೌಂಟರಿನ ಹಿಂದೆ ನೌಕರಿ ಮುಗಿಸುವಷ್ಟರಲ್ಲಿ ನನ್ನ ಮೂಗು ಒಣಮೆಣಸಿನಕಾಯಿಯ ಸಲಿಗೆ ಕಳೆದುಕೊಂಡಿತ್ತು.

“ನೋಡವಾ ತಂಗಿ, ಒಂದರ ಹುಳ ಐತೇನು?” ಅತ್ತಿಗೆ ಆಲ್ಬಮ್ಮಿನ ಬೆನ್ನನ್ನು ಸೆರಗಿನಿಂದ ಒರೆಸುತ್ತ ಕೇಳಿದರು. “ನಾ ಇಟ್ಟ ಮೆಣಸಿನಕಾಯಿ ಕಾಯ್ದಾವ. ನಿಮ್ಮಣ್ಣಾರೇನು ಕಾಯ್ತಾರ, ಬರೇ ನೋಡ್ತಾರ.”

ಕುರ್ಚಿಯಲ್ಲಿ ಕುಳಿತಿದ್ದ ಅಣ್ಣ ದನಿ ಬಂದ ಕಡೆ ಮುಖ ಮಾಡಿ ನಕ್ಕ. ಅವನಿಗೆ ಈಗ ನೋಡುವುದೂ ಉಳಿದಿಲ್ಲ. ಕಣ್ಣಿನ ನರ ಒಣಗುವ ಕಾಯಿಲೆ. ಕಿಟಕಿ ಎಲ್ಲಿದೆ, ಎದುರು ನಿಂತವರು ಎತ್ತರವೋ ಗಿಡ್ಡವೋ ಎಂಬುದಷ್ಟೇ ತಿಳಿಯುತ್ತದೆ. ಅದೂ ಎಷ್ಟು ದಿನ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಲ್ಲ. ಅದಕ್ಕೇ ಅವನು ನನಗೆ ಫೋನ್ ಮಾಡಿದ್ದ. “ನನ್ನ ಸ್ಟ್ಯಾಂಪಿಗೆ ದರ ತಗಸಬೇಕು, ಬಾ” ಎಂದಿದ್ದ. ಯಾಕೆ ಎಂದು ಕೇಳಿದ್ದಕ್ಕೆ, “ಊರ ಮಂದಿ ಮಾಲಿಗೆಲ್ಲ ದರ ಹೇಳೀನಿ. ನನ್ನ ಮಾಲಿನ ದರ ನನಗ ಗೊತ್ತಿಲ್ಲ” ಎಂದ.

ನಮ್ಮ ತಂದೆಯದು ಮೆಣಸಿನಕಾಯಿಯ ದಲಾಲಿ ಅಂಗಡಿ. ರೈತರು ತಂದ ಮಾಲನ್ನು ಖರೀದಿದಾರರಿಗೆ ಮಾರಿಕೊಡುವ ಕೆಲಸ. ಅವರ ನಂತರ ಅಣ್ಣ ಅದೇ ಗಾದಿಯ ಮೇಲೆ ಕುಳಿತ. ದೂರದ ವ್ಯಾಪಾರಿಗಳಿಂದ ಅಂಗಡಿಗೆ ಬರುತ್ತಿದ್ದ ಪತ್ರಗಳ ಮೂಲೆ ಹರಿದು, ತಟ್ಟೆಯ ನೀರಿನಲ್ಲಿ ನೆನೆಸಿ ಬಿಡಿಸಿದ ಸ್ಟ್ಯಾಂಪುಗಳಿಂದ ಅವನ ಸಂಗ್ರಹ ಶುರುವಾಯಿತು. ನಾನು ಅಂಚೆ ಇಲಾಖೆ ಸೇರಿದ ಮೇಲೆ, ಹೊಸ ಸ್ಟ್ಯಾಂಪಿನ ಹಾಳೆ ಬಂದಾಗಲೆಲ್ಲ ಚಿತ್ರ ಸರಿಯಾಗಿ ನಡುವಿಗೆ ಬಂದು, ಅಂಚಿನ ಹಲ್ಲು ಮುರಿಯದಿರುವುದನ್ನು ಆರಿಸಿ, ದುಡ್ಡು ಕಟ್ಟಿ, ಅವನಿಗೆಂದು ತೆಗೆದಿಡುತ್ತಿದ್ದೆ. ಹೀಗೆ ಆರಿಸುತ್ತ ಆರಿಸುತ್ತ ನನಗೂ ಕಣ್ಣು ಕುದುರಿತು. ಸಂಗ್ರಹಕಾರರು ಬಂದು “ಅಕ್ಕಾರ, ಇದಕ್ಕೇನು ಸಿಗತೈತ್ರಿ?” ಎಂದು ಕೇಳುವಷ್ಟಾಯಿತು.

ಆದರೂ ಅಣ್ಣನ ಸ್ಟ್ಯಾಂಪಿಗೆ ನಾನು ದರ ಹೇಳುವಂತಿರಲಿಲ್ಲ. ಮನೆಯ ಮಾಲಿಗೆ ಮನೆಯವರು ದರ ಹೇಳಬಾರದು ಎಂಬುದು ತಂದೆಯವರ ಅಂಗಡಿಯ ರೂಢಿ. ನಮ್ಮ ಸ್ವಂತ ಹೊಲದ ಕಾಯಿ ಬಂದರೂ ಅವರು ಪಕ್ಕದ ಅಂಗಡಿಯವರನ್ನು ಕರೆಸುತ್ತಿದ್ದರು. ಆದ್ದರಿಂದ ಹಾವೇರಿಯ ಮಾಸ್ತರರ ಬಳಿಗೆ ಒಯ್ಯುವುದೆಂದು ಮೊದಲೇ ಮಾತಾಗಿತ್ತು. ಚಿತ್ರಕಲೆಯ ಮಾಸ್ತರರಾಗಿ ನಿವೃತ್ತರಾದ ಅವರದೇ ಈ ಮೂರೂ ಊರುಗಳ ಸಂಗ್ರಹಕಾರರಿಗೆ ಕೊನೆಯ ಮಾತು.

“ಅಲ್ಲೀ ತನಕ ಯಾಕ?” ಎಂದಳು ಅಣ್ಣನ ಮಗಳು. ಅವಳೂ ಅವಳ ಗಂಡನೂ ಕೆಳಗಿನ ಅಂಗಡಿಯಲ್ಲಿ ಖಾರಪುಡಿಯ ಗಿರಣಿ ನಡೆಸುತ್ತಾರೆ. ಅವಳ ಮೊಬೈಲಿನ ಗಾಜಿನ ಮೇಲೂ ಕೆಂಪು ಪುಡಿ. “ಮೊಬೈಲ್‌ನ್ಯಾಗ ಹಾಕಿದ್ರ ಆತು. ಇಲ್ಲಿ ನೋಡು ಅತ್ತಿ, ಇಂಥಾದ ಒಂದಕ್ಕ ಎಂಟು ಲಕ್ಷ ಅಂತ ತೋರಸ್ತದ.”

“ಎಂಟು ಲಕ್ಷ ಅಂತ ಬರದಾರ. ಯಾರರ ತೊಗೊಂಡಾರೇನು?” ಎಂದ ಅಣ್ಣ. “ಹತ್ತಿಪ್ಪತ್ತು ಸ್ಟ್ಯಾಂಪಿನ ಫೋಟೋ ತಗದು ಯಾರಿಗೋ ಕಳಸ್ಯಾಳ ಈಕಿ. ಇನ್ನ ಉತ್ತರ ಬಂದಿಲ್ಲ. ಬರೂದ್ರಾಗ ನೀ ಲಗೂ ಮಾಡು.”

ಆ ಕೊನೆಯ ಮಾತಿನಲ್ಲಿ ಇದ್ದ ಅವಸರ ನನಗೆ ಆಗ ಅರ್ಥವಾಗಲಿಲ್ಲ.

ನಾನು ಮೊದಲ ಆಲ್ಬಮ್ ತೆರೆದೆ. ಹಾಳೆಯ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾಗದವೇ ಹಾಗಿರಬಹುದು ಅಂದುಕೊಂಡೆ. ಹಾಳೆ ತಿರುವಿದೆ. ಗುಲಾಬಿ ಬಣ್ಣ ಒಳಗೆ ಸರಿಯುತ್ತ, ಕೆಲವು ಕಡೆ ಕಿತ್ತಳೆಯಾಗಿ, ಕೆಲವು ಕಡೆ ಒಣಗಿದ ಕುಂಕುಮದ ಹಾಗೆ ಗಾಢವಾಗಿ, ಸ್ಟ್ಯಾಂಪುಗಳ ಮೇಲೆ ಬಂದಿತ್ತು. ಒಂದು ಹಕ್ಕಿಯ ಬಿಳಿ ಎದೆ ಕೆಂಪಾಗಿತ್ತು. ಹಿಮದ ಬೆಟ್ಟವೊಂದರ ನೆತ್ತಿ ಕೆಂಪಾಗಿತ್ತು. ಎರಡನೆಯ ಆಲ್ಬಮ್ಮಿನಲ್ಲಿ, ಸ್ವಾತಂತ್ರ್ಯ ಬಂದ ಹೊಸತರ, ದೊಡ್ಡ ಮುಖಬೆಲೆಯ, ಗುಡಿಯ ಚಿತ್ರವಿರುವ ಸ್ಟ್ಯಾಂಪೊಂದು ಇದೆ ಎಂದು ನನಗೆ ಗೊತ್ತಿತ್ತು. ಅಣ್ಣನ ಸಂಗ್ರಹದಲ್ಲಿ ನಿಜವಾಗಿ ಬೆಲೆ ಬಾಳುವುದು ಅದೊಂದೇ. ಬಳಸದ್ದು, ಹಿಂಬದಿಯ ಅಂಟು ಹಾಗೇ ಇರುವಂಥದ್ದು. ಆ ಹಾಳೆಗೆ ಬಂದೆ. ಗುಡಿಯ ಮೇಲಿನ ಆಕಾಶದಲ್ಲಿ ಉಗುರಿನಷ್ಟು ಅಗಲದ ಕೆಂಪು ಕಲೆ.

ತಲೆ ಎತ್ತಿದೆ. ಟ್ರಂಕಿನ ತಳದಲ್ಲಿ, ಆಲ್ಬಮ್ಮುಗಳ ನಡುವೆ ಇಟ್ಟಿದ್ದ, ತೆಳುವಾದ ಹಳೆಯ ಸೀರೆಯ ತುಂಡಿನಿಂದ ಹೊಲಿದ ಸಣ್ಣ ಚೀಲಗಳು. ಒಳಗೆ ಮೆಣಸಿನಕಾಯಿ. ತಗಡಿನ ಛಾವಣಿಯ ಕೆಳಗಿನ ಸೆಕೆಗೆ ಕಾಯಿಯ ಎಣ್ಣೆ ಬಟ್ಟೆಯಿಂದ ಇಳಿದು ಕಾಗದ ಸೇರಿತ್ತು.

“ಪ್ರತಿ ವರ್ಷ ಸುಗ್ಗಿಗೆ ಹೊಸಾ ಕಾಯಿ ಹಾಕ್ತೀನಿ,” ಎಂದರು ಅತ್ತಿಗೆ. “ಕಡ್ಡಿ ಹಾಕೂದಿಲ್ಲ, ಡಬ್ಬೀನ ಹಾಕ್ತೀನಿ. ಖಾರದ ಕಾಯಿ ಇಟ್ರ ಟ್ರಂಕ್ ತಗದಾಗೊಮ್ಮೆ ನಿಮ್ಮಣ್ಣಾರಿಗೆ ಕೆಮ್ಮು.”

ಕಡ್ಡಿ ಎಂದರೆ ತೆಳ್ಳನೆಯ, ಖಾರದ ಕಾಯಿ. ಡಬ್ಬಿ ಎಂದರೆ ದಪ್ಪನೆಯ, ಸುಕ್ಕು ಹೆಚ್ಚಿರುವ ಕಾಯಿ. ಅದಕ್ಕೆ ಖಾರ ಕಡಿಮೆ. ಬಣ್ಣ ಎಲ್ಲದಕ್ಕಿಂತ ಹೆಚ್ಚು. ಆ ಬಣ್ಣಕ್ಕೇ ಅದನ್ನು ಕೊಳ್ಳಲು ಎಲ್ಲೆಲ್ಲಿಂದಲೋ ಬರುತ್ತಾರೆ.

ನಾನು ಆಲ್ಬಮ್ ಮುಚ್ಚಿದೆ. “ಹುಳ ಇಲ್ರಿ ಅತ್ತಿಗಿ. ಒಂದೂ ಇಲ್ಲ,” ಎಂದೆ. ಅದು ಸುಳ್ಳಲ್ಲ.

ಅವರ ಹೆಮ್ಮೆಗೆ ಕಾರಣ ನನಗೆ ಗೊತ್ತಿತ್ತು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಳೆಗಾಲ, ಗೋಡೆಯ ಗೂಡಿನಲ್ಲಿದ್ದ ಅಣ್ಣನ ಮೊದಲ ಆಲ್ಬಮ್ಮಿಗೆ ಹುಳ ಬಿದ್ದು ಅರ್ಧಕ್ಕರ್ಧ ಜರಡಿಯಾಗಿತ್ತು. ಅಣ್ಣ ಹಿತ್ತಿಲಿನಲ್ಲಿ ಕುಳಿತು ಆ ಪುಡಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಇನ್ನೂ ಗಂಡನೊಡನೆ ನೆಟ್ಟಗೆ ಮಾತು ಕಲಿಯದ ಅತ್ತಿಗೆ ಅಡುಗೆಮನೆಯ ಬಾಗಿಲಿನಿಂದ ಅದನ್ನು ಕಂಡು, ತವರಿನಲ್ಲಿ ರೇಷ್ಮೆ ಸೀರೆಗೆ ಮಾಡುತ್ತಿದ್ದ ಉಪಾಯವನ್ನು ಅಂದೇ ಸಂಜೆ ಸ್ಟ್ಯಾಂಪುಗಳಿಗೆ ಮಾಡಿದರು. ಆ ಮನೆಯಲ್ಲಿ ಅವರು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸ ಅದು ಎಂದು ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದಾರೆ. ಅದೇ ಕೆಲಸ ಸ್ಟ್ಯಾಂಪುಗಳನ್ನು ಕೆಡಿಸಿದೆ ಎಂದು ಈ ವಯಸ್ಸಿನಲ್ಲಿ, ಇನ್ನೇನು ಕಣ್ಣು ಹೋಗಲಿರುವ ಗಂಡನ ಎದುರಿಗೆ, ಅವರ ಕಿವಿಗೆ ಬೀಳಬಾರದು. ದರ ಏನೇ ಬರಲಿ, ಅದೊಂದು ಆಗಬಾರದು. ಅಂದು ರಾಣೆಬೆನ್ನೂರಿಗೆ ಮರಳುವ ಬಸ್ಸಿನಲ್ಲಿ ಆಲ್ಬಮ್ಮುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಮಾರನೆಯ ದಿನ ಹಾವೇರಿಗೆ ಹೋದೆ. ಮಾಸ್ತರರ ಮನೆ ಬಸ್‌ಸ್ಟ್ಯಾಂಡಿನಿಂದ ದೂರವಿಲ್ಲ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಚಿಮಟ, ಭೂತಗನ್ನಡಿ, ಅಂಚಿನ ಹಲ್ಲು ಅಳೆಯುವ ಪಟ್ಟಿ. ಅವರು ಆಲ್ಬಮ್ ತೆರೆದು ಸೀನಿದರು, ಒಳಗಿನಿಂದ ಚಹಾ ತರುತ್ತಿದ್ದ ಅವರ ಹೆಂಡತಿಯೂ ಸೀನಿದರು.

“ಯಾ ಅಲ್ಲಾ! ಅಕ್ಕಾರ, ಸ್ಟ್ಯಾಂಪ್ ತಂದೀರೋ, ಸಾರಿನ ಪುಡಿ ತಂದೀರೋ?”

ನಾನು ಸಂಗತಿ ಹೇಳಿದೆ. ಅವರು ನಗು ನಿಲ್ಲಿಸಿದರು.

ಅವರು ಯಾವ ಸ್ಟ್ಯಾಂಪನ್ನೂ ಮೊದಲು ಮುಖದಿಂದ ನೋಡುವುದಿಲ್ಲ. ಚಿಮಟದಿಂದ ಎತ್ತಿ ಬೆನ್ನು ತಿರುವುತ್ತಾರೆ. ಅಂಟು ಇದೆಯೋ, ಹಿಂದೆ ಆಲ್ಬಮ್ಮಿಗೆ ಹಚ್ಚಿದ ಗುರುತು ಇದೆಯೋ, ಕಾಗದ ಎಲ್ಲಾದರೂ ತೆಳುವಾಗಿದೆಯೋ. ಆಮೇಲೆ ಹಲ್ಲು. ಆಮೇಲೆ ಅಂಚೆಯ ಮುದ್ರೆ ಬಿದ್ದಿದ್ದರೆ ಅದು ಯಾವ ಊರಿನದು, ಓದಲು ಬರುತ್ತದೆಯೋ. ಚಿತ್ರ ಕೊನೆಗೆ. ಈಚಿನ ವರ್ಷಗಳ ಸ್ಟ್ಯಾಂಪುಗಳನ್ನು, ನಾನು ಹಾಳೆಗಟ್ಟಲೆ ತಿರುವಿ ಆರಿಸಿ ಕೊಟ್ಟವುಗಳನ್ನು, ಅವರು ಮೆಲ್ಲಗೆ ಒಂದು ಬದಿಗೆ ಸರಿಸಿದರು.

“ಇವು ಎಲ್ಲಾರ ಮನ್ಯಾಗೂ ಅದಾವ ಅಕ್ಕಾರ. ಟಪಾಲಿಗೆ ಹಚ್ಚಿದ್ರ ಮುಖಬೆಲಿ ಬರ್ತೈತಿ. ಅಷ್ಟ.”

“ಕ್ಯಾಟಲಾಗಿನಾಗ ಜಾಸ್ತಿ ಐತಲ್ರಿ?”

“ಕ್ಯಾಟಲಾಗ್ ದರ ಅಂದ್ರ ಕನ್ಯಾ ನೋಡಾಕ ಹೋದಾಗ ಹೇಳೂ ಪಗಾರ. ಖರೇ ಪಗಾರ ಮದುವಿ ಆದಮ್ಯಾಲೆ ಗೊತ್ತಾಗೂದು.”

“ನೀವೂ ಹಂಗ ಹೇಳಿದ್ರಿ ನಮ್ಮಪ್ಪಗ,” ಎಂದರು ಒಳಗಿನಿಂದ ಅವರ ಹೆಂಡತಿ.

ಗುಡಿಯ ಸ್ಟ್ಯಾಂಪಿನ ಸರದಿ ಬಂದಾಗ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬೆನ್ನು ನೋಡಿದರು. ಅಂಟು ನಯವಾಗಿ, ಮುರಿಯದೆ ಇತ್ತು. ಅದರ ಮೇಲೂ ಕಲೆ. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಮುದ್ರಣದ ಬಣ್ಣವಾದರೆ ಕಾಗದದ ಎಳೆಗಳ ಮೇಲೆ ಕೂರುತ್ತದೆ, ಎಣ್ಣೆಯ ಕಲೆ ಎಳೆಗಳ ಒಳಗೆ ಹರಿಯುತ್ತದೆ ಎಂದು ನನಗೂ ತೋರಿಸಿದರು. ಆಮೇಲೆ ಬೆಲೆಯಿಲ್ಲದ, ಅದೇ ಕಲೆಯ ಇನ್ನೊಂದು ಸ್ಟ್ಯಾಂಪನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದರು. ಕಲೆ ತಿಳಿಯಾಯಿತು. ಅದರ ಜೊತೆ ಚಿತ್ರದ ಬಣ್ಣವೂ ಒಂದಷ್ಟು ಬಿಟ್ಟುಕೊಂಡಿತು. ಅವರು ತಲೆ ಅಲ್ಲಾಡಿಸಿ ಬಟ್ಟಲು ಮುಚ್ಚಿದರು.

“ಇದು ಸ್ವಚ್ಛ ಇದ್ದಿದ್ರ ನಾ ಎದ್ದು ನಿಂತು ನೋಡ್ತಿದ್ದೆ. ಈಗ, ಆಲ್ಬಮ್ಮಿನಾಗ ಜಾಗಾ ಖಾಲಿ ಕಾಣಬಾರದು ಅಂತ ಯಾರರ ತೊಗೊಂಡಾರು.” ಸ್ಟ್ಯಾಂಪನ್ನು ಚಿಮಟದಿಂದ ಎತ್ತಿ ಆಲ್ಬಮ್ಮಿಗೆ ಮರಳಿಸಿದರು. “ಬಣ್ಣ ತಪ್ಪಿ ಅಚ್ಚಾದ ಸ್ಟ್ಯಾಂಪ್ ಅಂತ ಹೇಳಿ ಮಾರವರೂ ಅದಾರ. ಅಂಥಾವರ ಕೈಗೆ ಇದು ಹೋಗಬಾರದು.”

ನಮ್ಮ ಕಡೆಯ ರೂಢಿ ನನಗೆ ನೆನಪಾಗಿ ಎರಡೂ ದರ ಕೇಳಿದೆ. ಮೆಣಸಿನಕಾಯಿಯ ಕುಪ್ಪೆಗೆ ತಂದೆಯವರು ಯಾವಾಗಲೂ ಎರಡು ದರ ಹೇಳುತ್ತಿದ್ದರು. ಹಸನಾದ ಮಾಲಾಗಿದ್ದರೆ ಇಷ್ಟು, ಈಗ ಎದುರಿಗಿರುವ ಮಾಲಿಗೆ ಇಷ್ಟು. ನಡುವಿನ ಅಂತರದಿಂದ ರೈತನಿಗೆ ತನ್ನ ಮಾಲಿನ ದೋಷ ಎಷ್ಟೆಂದು ತಿಳಿಯುತ್ತಿತ್ತು. ಮಾಸ್ತರರು ಇಡೀ ಸಂಗ್ರಹಕ್ಕೆ ಎರಡು ದರ ಹೇಳಿದರು. ಎರಡನೆಯದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಮನ್ಯಾಗ ಏನು ಹೇಳ್ತೀರಿ?” ಎಂದರು, ಬಾಗಿಲ ತನಕ ಬಂದು.

“ಗೊತ್ತಿಲ್ರಿ.”

ಬ್ಯಾಡಗಿಗೆ ಮರಳುವ ದಾರಿಯಲ್ಲಿ ನಾನೊಂದು ಮಾತು ಕಟ್ಟಿಕೊಂಡೆ. ಪೇಟೆ ಬಿದ್ದಿದೆ, ಈಗ ಯಾರೂ ಪತ್ರ ಬರೆಯುವುದಿಲ್ಲ, ಸ್ಟ್ಯಾಂಪು ಕೊಳ್ಳುವವರೇ ಇಲ್ಲ, ಅದಕ್ಕೇ ಇಷ್ಟು ದರ. ಮೋಟೆಬೆನ್ನೂರಿನ ಹತ್ತಿರ ಬಸ್ಸು ನಿಂತಾಗ ತುಟಿ ಅಲುಗಿಸಿ ಒಮ್ಮೆ ಹೇಳಿಯೂ ನೋಡಿದೆ. ಆದರೆ ಅಣ್ಣ ಜೀವಮಾನವಿಡೀ ದರ ಕೇಳಿಸಿಕೊಂಡವನು. ಹೇಳುವವರ ದನಿಯಲ್ಲಿ ಒಂದು ಎಳೆ ಸಡಿಲವಾದರೂ ಅವನಿಗೆ ತಿಳಿಯುತ್ತದೆ. ಕಣ್ಣು ಮಂದವಾದ ಮೇಲಂತೂ ಅವನ ಕಿವಿ ಇನ್ನೂ ಚುರುಕು.

ಮನೆ ತಲುಪಿದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಅತ್ತಿಗೆ ಹೊಸ ಸುಗ್ಗಿಯ ಕಾಯಿಯನ್ನು ಗೋಣಿತಾಟಿನ ಮೇಲೆ ಹರವಿಕೊಂಡು, ತೊಟ್ಟು ಮುರಿದು, ಆರಿಸುತ್ತಿದ್ದರು. ಅವರ ಪಕ್ಕದಲ್ಲೇ ಅಣ್ಣನ ಕುರ್ಚಿ. ಮಗಳು ಗಿರಣಿ ನಿಲ್ಲಿಸಿ ಮೇಲೆ ಬಂದಳು.

“ಏನಾತು ಅತ್ತಿ? ಲಕ್ಷ ದಾಟೈತಿಲ್ಲ? ನನಗೊಂದು ಹೊಸಾ ಗಿರಣಿ ಬರಬೇಕ ನೋಡು!”

“ಬಾಯಿ ಮುಚ್ಚ ನೀ. ಆಕೀ ನೀರರ ಕುಡೀಲಿ,” ಎಂದು ಗದರಿದರು ಅತ್ತಿಗೆ. ಆದರೆ ಅವರ ಕೈಯೂ ನಿಂತಿತ್ತು. “ಹೇಳವಾ ತಂಗಿ. ಎಷ್ಟಂತ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಕೈ ಎತ್ತಿದ.

“ಏ, ತಡಿ. ದರ ಹಿಂಗ ಒದರತಾರೇನು? ನನ್ನ ಟವೆಲ್ ಕೊಡ್ರಿ ಇಲ್ಲೆ.”

ಈಗ ಪೇಟೆಯಲ್ಲಿ ದರವೆಲ್ಲ ಟೆಂಡರಿನಲ್ಲಿ, ಕಂಪ್ಯೂಟರಿನಲ್ಲಿ. ನಾವು ಸಣ್ಣವರಿದ್ದಾಗ ಅಂಗಡಿಗೆ ಬರುತ್ತಿದ್ದ ಹಳೆಯ ವ್ಯಾಪಾರಿಗಳು ಬಾಯಲ್ಲಿ ದರ ಹೇಳುತ್ತಿರಲಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿಯುತ್ತಿದ್ದರು. ಒಂದು ಬೆರಳೆಂದರೆ ಒಂದು, ಇಡೀ ಪಂಜವೆಂದರೆ ಐದು, ಬೆರಳಿನ ತುದಿಯ ಗೆಣ್ಣೆಂದರೆ ಅರ್ಧ. ನೂರರ ಲೆಕ್ಕವೋ ಸಾವಿರದ ಲೆಕ್ಕವೋ ಎಂಬುದೊಂದನ್ನು ಮೊದಲೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಒಪ್ಪಿಗೆಯಾದರೆ ಅಂಗೈಗೆ ಅಂಗೈ ಒತ್ತುವುದು, ಇಲ್ಲವಾದರೆ ಕೈ ಹಿಂದಕ್ಕೆ ದೂಡುವುದು. ಸುತ್ತ ನಿಂತವರಿಗೆ ಟವೆಲು ಅಲುಗುವುದು ಮಾತ್ರ ಕಾಣುತ್ತಿತ್ತು. ಅಣ್ಣನೂ ನಾನೂ ಅವ್ವನ ಸೆರಗಿನ ಕೆಳಗೆ ಅದೇ ಆಟ ಆಡುತ್ತಿದ್ದೆವು, ಪೇರಲ ಹಣ್ಣಿಗೆ, ಗೋಲಿಗೆ.

“ಅಯ್ಯ, ಅಣ್ಣ ತಂಗಿ ಕಳ್ಳ ವ್ಯಾಪಾರ ನೋಡ್ರಿ!” ಎಂದು ಮಗಳು ನಕ್ಕಳು.

“ನಮ್ಮ ಮಾವಾರು ಹಿಂಗ ಮಾಡ್ತಿದ್ರು,” ಎಂದರು ಅತ್ತಿಗೆ. ಅವರ ಮುಖ ಅರಳಿತ್ತು. “ಎಷ್ಟು ದಿನಾ ಆಗಿತ್ತು ಇದನ್ನ ನೋಡಿ.”

ಅಣ್ಣ ಟವೆಲನ್ನು ನಮ್ಮಿಬ್ಬರ ಕೈಗಳ ಮೇಲೆ ಹರವಿ, “ಸಾವಿರದ ಲೆಕ್ಕ” ಎಂದ.

ನಾನು ಮೊದಲು ಹಸನಾದ ಮಾಲಿನ ದರ ಹೇಳಿದೆ. ಅವನ ಪಂಜವನ್ನು ಇಡಿಯಾಗಿ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ, ಬಿಟ್ಟೆ, ಮತ್ತೊಮ್ಮೆ ಹಿಡಿದೆ, ಹದಿನೈದು. ಅವನ ಕೈ ಬೆಚ್ಚಗೆ, ಅಲುಗದೆ ಇತ್ತು. ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕು ಅಂತಲೂ ಅನಿಸಿತು. ಆಗ ಅವನು ತನ್ನ ಕಿರುಬೆರಳನ್ನು ಉಳಿದವುಗಳಿಂದ ಬಿಡಿಸಿ ನನ್ನ ಕಡೆ ಚಾಚಿದ. ಎರಡನೆಯ ದರಕ್ಕೆ ಕಾಯುತ್ತಿದ್ದ.

ಆ ಕಿರುಬೆರಳಿನ ತುದಿಯ ಗೆಣ್ಣನ್ನು ಹಿಡಿದೆ. ಬಿಟ್ಟೆ. ಅಷ್ಟೇ.

ಅವನು ತಡಮಾಡಲಿಲ್ಲ. ಅಂಗೈಯನ್ನು ನನ್ನ ಅಂಗೈಗೆ ಒತ್ತಿದ. ಟವೆಲಿನ ಮೇಲಿನಿಂದ ಇನ್ನೊಂದು ಕೈಯನ್ನೂ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡ.

“ಎಷ್ಟಾತ್ರಿ?” ಎಂದರು ಅತ್ತಿಗೆ.

“ಚಲೋ ದರ ಆತು. ನಾ ಒಪ್ಪೀನಿ. ಆದ್ರ ಮಾರೂದಿಲ್ಲ.”

“ಮತ್ಯಾಕ ಅತ್ತೀನ ಹಾವೇರಿ ತನಕ ಓಡಿಸ್ದಿ ಅಪ್ಪಾ?” ಎಂದಳು ಮಗಳು.

“ತಿಳ್ಕೊಳ್ಳಾಕ. ನೀನೂ ಕೇಳಿಲ್ಲಿ. ನಮ್ಮ ಅಂಗಡ್ಯಾಗ ದರ ಆದ ಮಾಲನ್ನ ಮತ್ತೊಬ್ಬರು ಬಿಚ್ಚಿ ದರ ಕೇಳೂ ಪದ್ಧತಿ ಇಲ್ಲ. ಇವತ್ತಿಗಷ್ಟ ಅಲ್ಲ, ನಾ ಇಲ್ಲದಾಗೂ ಇಲ್ಲ. ಆ ಫೋಟೋ ಕಳಿಸಿದ್ದೀ ಅಲ್ಲ, ಅವರಿಗೂ ಹೇಳು, ಮಾಲು ಮುಗದೈತಿ ಅಂತ.”

ಅವನ ದನಿಯಲ್ಲಿ ಗಾದಿಯ ಮೇಲೆ ಕುಳಿತಾಗಿನ ಗತ್ತು ಬಂದಿತ್ತು. ಮಗಳು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ, “ಆತು ಬಿಡಪಾ” ಎಂದು ಮೊಬೈಲ್ ತೆಗೆದಳು.

ಚಹಾ ಆದ ಮೇಲೆ ನಾನು ಅವನ ಕೈ ಹಿಡಿದು ಮೆಟ್ಟಿಲ ತುದಿಯ ಕಟ್ಟೆಗೆ ಕರೆತಂದೆ. ಕೆಳಗೆ ಗಿರಣಿ ಮತ್ತೆ ಶುರುವಾಗಿತ್ತು. ಆ ಸದ್ದಿನಲ್ಲಿ ನಮ್ಮ ಮಾತು ಒಳಗೆ ಕೇಳುತ್ತಿರಲಿಲ್ಲ.

“ಯಾವಾಗಿಂದ ಗೊತ್ತು ಅಣ್ಣಾ?”

“ಮೊದಲನೇ ವರ್ಷದಿಂದ.” ಅವನು ಬೀದಿಯ ಕಡೆ ಮುಖ ಮಾಡಿಕೊಂಡಿದ್ದ. “ಹೇಳೂಣ ಅಂತನ ಟ್ರಂಕ್ ತಗದೆ. ಚೀಲದ ಹೊಲಿಗಿ ನೋಡಿದೆ. ತನ್ನ ಮದುವಿ ಸೀರಿ ಹರದು ಹೊಲದಿದ್ಲು ಮಾರಾಯ್ತಿ. ಹೆಂಗ ಹೇಳ್ಲಿ? ಮುಂದಿನ ವರ್ಷ ಹೇಳೂಣಂದೆ. ಮುಂದಿನ ವರ್ಷ ಆಕೀ ಮತ್ತ ಚಲೋ ಕಾಯಿ ಆರಿಸಿ ಹಾಕಿದ್ಲು.”

“ಗುಡಿ ಸ್ಟ್ಯಾಂಪರ ಬ್ಯಾರೆ ಕಡೆ ಇಡಬಹುದಿತ್ತಲ್ಲ?”

“ಇಟ್ರ, ಯಾಕ ಇಟ್ರಿ ಅಂತ ಕೇಳ್ತಿದ್ಲು.”

ಕಟ್ಟೆಯ ಅಂಚನ್ನು ಕೈಯಿಂದ ತಡವಿ ಕುಳಿತ.

“ಕಣ್ಣು ಇದ್ದಾಗ ನನಗೇನೂ ಅಂಜಿಕಿ ಇರಲಿಲ್ಲ. ಆಲ್ಬಮ್ ನನ್ನ ಕೈಯಾಗ ಇತ್ತು. ಈಗ ಹುಡುಗಿ ಬಿಚ್ಚಾಕತ್ತಾಳ, ಫೋಟೋ ಕಳಸಾಕತ್ತಾಳ. ನನ್ನ ಹಿಂದ ಯಾವನೋ ಒಬ್ಬ ಬಂದು ಇಲ್ಲೇ ಪಡಸಾಲ್ಯಾಗ ಕುಂತು, ‘ಅಮ್ಮಾ, ಮೆಣಸಿನಕಾಯಿ ಇಟ್ಟು ಕೆಡಿಸಿದ್ರಲ್ಲ’ ಅಂತ ಬಾಯಿಲೆ ಅಂದುಬಿಟ್ರ? ಅದಕ್ಕ ಈಗ ನಿನ್ನ ಕಡಿಂದ ದರ ಆಗಲಿ ಅಂದೆ. ಇನ್ನ ಯಾರೂ ಕೇಳೂದಿಲ್ಲ.”

ಬಸ್ಸಿನಲ್ಲಿ ನಾನು ಕಟ್ಟಿಕೊಂಡು ಬಂದ ಮಾತು ಅವನಿಗೆ ಬೇಕೇ ಇರಲಿಲ್ಲ. ನಾನು ಯಾರನ್ನು ಕಾಯಬೇಕೆಂದು ಹೊರಟಿದ್ದೆನೋ ಅವರನ್ನು ಅವನು ಅಷ್ಟು ವರ್ಷಗಳಿಂದ ಕಾಯುತ್ತ ಬಂದಿದ್ದ, ವರ್ಷಕ್ಕೊಂದಿಷ್ಟು ಆಕಾಶ, ವರ್ಷಕ್ಕೊಂದಿಷ್ಟು ಹಿಮ ಕೆಂಪಾಗುವುದನ್ನು ನೋಡುತ್ತ.

ಒಳಗಿನಿಂದ ಅತ್ತಿಗೆ ಕರೆದರು. ನಾವು ಹೋದಾಗ ಅವರು ಟ್ರಂಕಿನ ಹಳೆಯ ಕಾಯಿಗಳನ್ನೆಲ್ಲ ಸುರುವಿ, ಚೀಲಗಳನ್ನು ಕೊಡವಿ, ಹೊಸತನ್ನು ತುಂಬಲು ಕುಳಿತಿದ್ದರು. ಒಂದು ಕಾಯಿಯನ್ನು ಅಣ್ಣನ ಅಂಗೈಗಿಟ್ಟರು.

“ನೋಡ್ರಿ, ಇದು ಆದೀತೇನು?”

ಅಣ್ಣ ಅದನ್ನು ಎರಡು ಬೆರಳ ನಡುವೆ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗಿನ ಬೀಜ ಸಣ್ಣಗೆ ಸದ್ದು ಮಾಡಿತು. ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿ, ಮೂಸಿ, ವಾಪಸು ಕೊಟ್ಟ.

“ಭಾಳ ಚಲೋ ಬಣ್ಣ ಐತಿ,” ಎಂದ. “ಹಾಕು.”